ಬೀಗದ ನಟ್ಟಿನ ಕೀಲಿಕೈ ಕಳೆದಾಗ ಚಕ್ರ ಬಿಚ್ಚುವ ಕ್ರಮ

ಅಡಿಕೆ, ತೆಂಗು, ಕಾಳುಮೆಣಸು, ರಬ್ಬರ್ ಬೆಳೆಯುವ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಜೀಪು, ಪಿಕಪ್ ಅಥವಾ ಕಾರು ಈಗ ಕೃಷಿ ಉಪಕರಣಗಳ ಸಾಲಿಗೇ ಸೇರಿದೆ. ತೋಟದಿಂದ ಡಾಮರು ರಸ್ತೆಗೆ ಬರುವ ಮಣ್ಣುದಾರಿಯಲ್ಲಿ ಮುರಕಲ್ಲಿನ ಚೂರು ತಾಗಿ ಟಯರು ಪಂಕ್ಚರ್ ಆಗುವುದು ಹೊಸದೇನಲ್ಲ. ಸ್ಟೆಪ್ನಿ, ಜಾಕ್ ಮತ್ತು ವೀಲ್ ಸ್ಪ್ಯಾನರ್ ಇದ್ದವರು ಅರ್ಧ ಗಂಟೆಯಲ್ಲಿ ಚಕ್ರ ಬದಲಿಸಿ ಮುಂದೆ ಸಾಗುತ್ತಾರೆ. ಆದರೆ ಚಕ್ರಕ್ಕೆ ಬೀಗದ ನಟ್ಟು ಹಾಕಿದ್ದು ಅದರ ಕೀಲಿಕೈ ಸಿಗದಿದ್ದಲ್ಲಿ ಇವೆಲ್ಲ ಇದ್ದೂ ಇಲ್ಲದಂತೆಯೇ. ಇಂಥ ಸಂದರ್ಭದಲ್ಲಿ ಅವಸರಪಟ್ಟು ವೆಲ್ಡಿಂಗ್ ಅಥವಾ ಗ್ಯಾಸ್ ಜ್ವಾಲೆಯ ಮೊರೆ ಹೋಗುವವರಿದ್ದಾರೆ. ಇದು ಪ್ರಾಣಕ್ಕೇ ಅಪಾಯ. ಬೆಂಕಿಯನ್ನು ಉಪಯೋಗಿಸದೆ ಈ ನಟ್ಟನ್ನು ಬಿಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೀಗದ ನಟ್ಟಿನ ರಚನೆ

ಸಾಮಾನ್ಯ ನಟ್ಟಿಗೆ ಆರು ಮುಖಗಳಿರುತ್ತವೆ. ಯಾವ ಸ್ಪ್ಯಾನರ್ ಆದರೂ ಅಳತೆ ಸರಿಯಿದ್ದರೆ ಹಿಡಿಯುತ್ತದೆ. ಬೀಗದ ನಟ್ಟಿನ ಹೊರಮೈ ಗುಂಡಗಿದ್ದು ಸ್ಪ್ಯಾನರಿಗೆ ಹಿಡಿತ ಸಿಗುವುದಿಲ್ಲ. ಅದರ ತಲೆಯಲ್ಲಿ ಹೂವಿನ ಎಸಳಿನಂತೆ ಅಂಕುಡೊಂಕಾದ ಗೀರು ಇರುತ್ತದೆ. ಕೀಲಿಕೈ ಎಂದು ಕರೆಯುವ ಚಿಕ್ಕ ಉಕ್ಕಿನ ತುಂಡಿನಲ್ಲಿ ಅದೇ ಆಕಾರದ ಉಬ್ಬು ಇದ್ದು, ಅದನ್ನು ಗೀರಿಗೆ ಕೂಡಿಸಿ ಅದರ ಮೇಲೆ ವೀಲ್ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಸಾಮಾನ್ಯವಾಗಿ ಚಕ್ರವೊಂದಕ್ಕೆ ಒಂದರಂತೆ ನಾಲ್ಕು ನಟ್ಟು, ನಾಲ್ಕಕ್ಕೂ ಒಂದೇ ಕೀಲಿಕೈ. ಬೆಲೆಬಾಳುವ ಅಲಾಯ್ ಚಕ್ರಗಳನ್ನು ಕಳ್ಳರು ಒಯ್ಯದಿರಲೆಂದು ಇವನ್ನು ಹಾಕಿಸುತ್ತಾರೆ. ಕೆಲವು ಮಾದರಿಗಳಲ್ಲಿ ನಟ್ಟಿನ ಹೊರಗೆ ಸುಮ್ಮನೆ ತಿರುಗುವ ಒಂದು ಬಳೆಯೂ ಇರುತ್ತದೆ. ಅದನ್ನು ಎಷ್ಟು ಬಿಗಿಯಾಗಿ ಹಿಡಿದು ತಿರುಗಿಸಿದರೂ ಬಳೆ ಮಾತ್ರ ಸುತ್ತುತ್ತದೆ, ಒಳಗಿನ ನಟ್ಟು ಅಲುಗುವುದಿಲ್ಲ.

ಕರಾವಳಿಯ ಹವೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅಲ್ಯುಮಿನಿಯಂ ಚಕ್ರ ಮತ್ತು ಉಕ್ಕಿನ ನಟ್ಟು ತಿಂಗಳುಗಟ್ಟಲೆ ಒದ್ದೆಯಾಗಿ ಒಂದನ್ನೊಂದು ತಾಗಿಕೊಂಡಿದ್ದರೆ ನಡುವೆ ಬಿಳಿಯ ಪುಡಿ ಬೆಳೆದು ಎರಡೂ ಕಚ್ಚಿಕೊಳ್ಳುತ್ತವೆ. ಇದರಿಂದ ಕೀಲಿಕೈ ಕೈಯಲ್ಲಿದ್ದರೂ ನಟ್ಟು ಹಂದದಿರುವುದುಂಟು. ಆಗ ಒಮ್ಮೆಲೇ ಬಲ ಹಾಕಿದರೆ ಕೀಲಿಕೈಯ ಉಬ್ಬೇ ಮುರಿಯುತ್ತದೆ.

ಮೊದಲು ಹುಡುಕಾಟ

ಕೀಲಿಕೈ ಕಳೆದಿದೆ ಎಂದು ತೀರ್ಮಾನಿಸುವ ಮೊದಲು ಸ್ಟೆಪ್ನಿಯ ಗುಳಿ, ಜಾಕ್ ಇಡುವ ಚೀಲ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಸೀಟಿನ ಅಡಿ ಇವನ್ನು ಪೂರ್ತಿ ಖಾಲಿ ಮಾಡಿ ನೋಡಬೇಕು. ಕಳೆದ ಬಾರಿ ಟಯರು ಬದಲಿಸಿದ ಅಂಗಡಿಯಲ್ಲಿಯೂ ವಿಚಾರಿಸಬೇಕು. ಕೆಲಸ ಮುಗಿದ ಮೇಲೆ ಕೀಲಿಕೈ ಅಲ್ಲಿನ ಸಾಕೆಟ್ಟಿನೊಳಗೆ ಸಿಕ್ಕಿಕೊಂಡೇ ಉಳಿಯುವುದು ಅಪರೂಪವಲ್ಲ. ನಟ್ಟುಗಳೊಂದಿಗೆ ಬರುವ ಚಿಕ್ಕ ಚೀಟಿಯಲ್ಲಿ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದು ಸಿಕ್ಕಿದರೆ ಮಾರಾಟಗಾರರ ಮೂಲಕ ಅದೇ ಆಕಾರದ ಇನ್ನೊಂದು ಕೀಲಿಕೈಯನ್ನು ತರಿಸಬಹುದು. ವಾಹನ ಮನೆಯಂಗಳದಲ್ಲೇ ಇದ್ದು ತುರ್ತು ಇಲ್ಲದಿದ್ದರೆ ಕೆಲವು ದಿನ ಕಾಯುವುದೇ ಲೇಸು.

ತಣ್ಣನೆಯ ವಿಧಾನ

ಕಾಯಲು ಸಾಧ್ಯವಿಲ್ಲದಾಗ ಚಿಕ್ಕ ಅಳತೆಯ ಸಾಕೆಟ್ಟನ್ನು ಬಡಿದು ಕೂರಿಸುವ ವಿಧಾನವನ್ನು ಅನುಸರಿಸಬಹುದು. ಇದಕ್ಕೆ ಬೇಕಾದವು ಹನ್ನೆರಡು ಮೂಲೆಯ ಗಟ್ಟಿ ಸಾಕೆಟ್ಟು, ಉದ್ದನೆಯ ಹಿಡಿ, ಒಂದು ಕಿಲೋ ತೂಕದ ಸುತ್ತಿಗೆ ಮತ್ತು ಕಣ್ಣಿಗೆ ಕನ್ನಡಕ. ಗಟ್ಟಿ ಉಕ್ಕನ್ನು ಉಕ್ಕಿನಿಂದ ಬಡಿಯುವಾಗ ಚೂರು ಸಿಡಿಯುವುದರಿಂದ ಕನ್ನಡಕವನ್ನು ಅಲಕ್ಷಿಸಬಾರದು.

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳ ಹಿಂದೆ ಮುಂದೆ ಮುರಕಲ್ಲು ಇಡಬೇಕು. ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು. ಚಕ್ರವನ್ನು ಜಾಕಿನಿಂದ ಎತ್ತದೆ, ನೆಲಕ್ಕೆ ಊರಿರುವಾಗಲೇ ನಟ್ಟನ್ನು ಸಡಿಲಿಸಬೇಕು. ಉಳಿದ ನಟ್ಟುಗಳನ್ನು ಬಿಗಿಯಾಗಿಯೇ ಬಿಟ್ಟು ಬೀಗದ ನಟ್ಟನ್ನು ಮೊದಲು ಸಡಿಲಿಸುವುದು ಮುಖ್ಯ. ಬೇರೆ ನಟ್ಟುಗಳನ್ನು ಮೊದಲೇ ಬಿಚ್ಚಿದರೆ ಚಕ್ರದ ಎಳೆತವೆಲ್ಲ ಬೀಗದ ನಟ್ಟಿನ ಮೇಲೆ ಬಿದ್ದು ಅದು ಇನ್ನಷ್ಟು ಬಿಗಿಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ನಟ್ಟಿನ ಹೊರವ್ಯಾಸವನ್ನು ಅಳೆದು ಅದಕ್ಕಿಂತ ಸುಮಾರು 1 ಮಿ.ಮೀ. ಚಿಕ್ಕ ಸಾಕೆಟ್ಟನ್ನು ಆರಿಸಬೇಕು. 21 ಮಿ.ಮೀ. ನಟ್ಟಿಗೆ 20 ಮಿ.ಮೀ. ಸಾಕೆಟ್ಟು. ಇದನ್ನು ನೇರವಾಗಿ ಹಿಡಿದು ಬುಡದವರೆಗೆ ಕೂರುವಂತೆ ಬಡಿಯಬೇಕು. ಓರೆಯಾಗಿ ಕೂತರೆ ಜಾರುತ್ತದೆ. ಬೇಕಾಬಿಟ್ಟಿ ಬಡಿದರೆ ಪೆಟ್ಟು ಚಕ್ರದ ಬೇರಿಂಗಿಗೆ ತಾಗುತ್ತದೆಂಬುದನ್ನೂ ನೆನಪಿಡಬೇಕು.

ಅನಂತರ ಸನ್ನೆಯ ಕೆಲಸ. ಸಾಮಾನ್ಯ ಕಾರಿನ ನಟ್ಟನ್ನು ಸುಮಾರು 10 ಕಿಲೋಗ್ರಾಂ-ಮೀಟರ್ ಬಲದಿಂದ ಬಿಗಿಯಲಾಗುತ್ತದೆ. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 10 ಕಿಲೋ ಭಾರ. ತುಕ್ಕು ಹಿಡಿದ ನಟ್ಟನ್ನು ಸಡಿಲಿಸಲು ಇದರ ಎರಡು ಮೂರು ಪಟ್ಟು ಬೇಕಾಗಬಹುದು. ವಾಹನದೊಂದಿಗೆ ಬರುವ 30 ಸೆಂ.ಮೀ. ಸ್ಪ್ಯಾನರಿನಿಂದ 30 ಕಿಲೋಗ್ರಾಂ-ಮೀಟರ್ ಬಲ ಪಡೆಯಲು 100 ಕಿಲೋ ಭಾರ ಹಾಕಬೇಕಾಗುತ್ತದೆ; 75 ಸೆಂ.ಮೀ. ಉದ್ದದ ಹಿಡಿಗಾದರೆ 40 ಕಿಲೋ ಸಾಕು. ಹಿಡಿಯನ್ನು ಎಡಕ್ಕೆ, ಜರ್ಕು ಹೊಡೆಯದೆ ನಿಧಾನವಾಗಿ, ಒಂದೇ ಸಮನೆ ಒತ್ತಬೇಕು. ಕಾಲಿಟ್ಟು ಹಾರುವುದು ಸಲ್ಲದು. ಕೀರಲು ಸದ್ದಿನೊಂದಿಗೆ ಒಮ್ಮೆ ಹಂದಿದರೆ ಮುಂದಿನದು ಸುಲಭ. ಸಾಕೆಟ್ಟಿನೊಳಗೆ ಸಿಕ್ಕಿಕೊಂಡ ನಟ್ಟನ್ನು ಹಿಂಬದಿಯಿಂದ ಕಂಬಿ ತೂರಿಸಿ ಬಡಿದರೆ ಹೊರಬರುತ್ತದೆ.

ತಿರುಗುವ ಬಳೆ ಇರುವ ನಟ್ಟಿಗೆ ಈ ವಿಧಾನ ನೇರವಾಗಿ ಹೊಂದದು. ಮೊದಲು ಬಳೆಯನ್ನು ಚೀಸಲಿನಿಂದ ಸೀಳಿ ತೆಗೆದು, ಬಳಿಕ ಒಳಗಿನ ನಟ್ಟಿಗೆ ಸಾಕೆಟ್ಟು ಕೂರಿಸಬೇಕು. ಇದಕ್ಕೆಂದೇ ತಯಾರಾದ, ಒಳಗೆ ಎಡಸುರುಳಿಯ ಹಲ್ಲುಗಳಿರುವ ಸಾಕೆಟ್ಟು ದೊಡ್ಡ ಟಯರು ಅಂಗಡಿಗಳಲ್ಲಿರುತ್ತದೆ. ಎಡಕ್ಕೆ ತಿರುಗಿಸಿದಷ್ಟೂ ಹಲ್ಲು ನಟ್ಟನ್ನು ಕಚ್ಚುತ್ತದೆ. ಡ್ರಿಲ್ ಮಾಡುವುದು ಕಡೆಯ ದಾರಿ. ಬೀಗದ ನಟ್ಟು ಹದಗೊಳಿಸಿದ ಉಕ್ಕಿನದಾದ್ದರಿಂದ ಸಾಮಾನ್ಯ ಬಿಟ್ಟು ಅದರ ಮೇಲೆ ಜಾರುತ್ತದೆ. ಈ ಕೆಲಸವನ್ನು ಗ್ಯಾರೇಜಿಗೆ ಬಿಡುವುದು ಒಳ್ಳೆಯದು.

ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ಬಿಡುವುದು ತೆರೆದ ನಟ್ಟುಗಳಿಗೆ ಉಪಯುಕ್ತ. ಬೀಗದ ನಟ್ಟುಗಳಲ್ಲಿ ಹಲವು ಟೊಪ್ಪಿಯಂತೆ ಮುಚ್ಚಿರುವುದರಿಂದ ಎಣ್ಣೆ ಥ್ರೆಡ್ಡಿಗೆ ತಲುಪದೆ, ಸುರಿದದ್ದು ಬ್ರೇಕಿನ ಕಡೆಗೆ ಹರಿಯುತ್ತದೆ. ಬ್ರೇಕಿಗೆ ಎಣ್ಣೆ ತಾಗಿದರೆ ಹಿಡಿತ ತಪ್ಪುತ್ತದೆ.

ಬೆಂಕಿ ಏಕೆ ಕೂಡದು?

ಬೀಗದ ನಟ್ಟಿನ ತಲೆಗೆ ಬೇರೊಂದು ನಟ್ಟನ್ನು ವೆಲ್ಡ್ ಮಾಡಿ ತಿರುಗಿಸುವುದು, ಇಲ್ಲವೇ ಗ್ಯಾಸಿನಿಂದ ಕಾಯಿಸುವುದು ನೋಡಲು ಸುಲಭವೆನಿಸುತ್ತದೆ. ಆದರೆ ನಟ್ಟಿಗೆ ಕೊಟ್ಟ ಶಾಖ ರಿಮ್ಮಿನ ಮೂಲಕ ಟಯರಿನ ಒಳಮೈಗೆ ಹರಿಯುತ್ತದೆ. ಅಲ್ಲಿ ರಬ್ಬರು ಹೊರಗೆ ಜ್ವಾಲೆ ಕಾಣಿಸದೆಯೇ ಬೆಂದು ಒಡೆದು, ಹೊತ್ತಿಕೊಳ್ಳುವ ಅನಿಲವನ್ನು ಬಿಡುತ್ತದೆ. ಅನಿಲ ಟಯರಿನೊಳಗಿನ ಗಾಳಿಯೊಂದಿಗೆ ಬೆರೆತು ಹೊತ್ತಿದರೆ ಟಯರು ಸಿಡಿಮದ್ದಿನಂತೆ ಒಡೆಯುತ್ತದೆ. ಕಾಯಿಸುವುದನ್ನು ನಿಲ್ಲಿಸಿ ಬಹಳ ಹೊತ್ತಾದ ಮೇಲೂ ಇದು ಸಂಭವಿಸಬಹುದು. ಗಾಳಿ ಬಿಟ್ಟರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ವಾಲ್ವಿನ ಸೂಜಿ ತೆಗೆದರೂ ಒಳಗೆ ಗಾಳಿ ಇದ್ದೇ ಇರುತ್ತದೆ. ಟಯರು ಕಳಚಿ ಕಾಯಿಸೋಣವೆಂದರೆ ಚಕ್ರವೇ ಬರುತ್ತಿಲ್ಲ. ಆದಕಾರಣ ಟಯರು ಇರುವ ಚಕ್ರದ ಬಳಿ ಜ್ವಾಲೆ ತರುವ ಪ್ರಶ್ನೆಯೇ ಇಲ್ಲ. ವೆಲ್ಡಿಂಗ್ ಅಂಗಡಿಯವರು ಎಷ್ಟೇ ಧೈರ್ಯ ಹೇಳಿದರೂ ರೈತರು ಒಪ್ಪಬಾರದು. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಟಿಲ್ಲರು, ಟ್ರೇಲರುಗಳ ಚಕ್ರಕ್ಕೂ ಇದೇ ಎಚ್ಚರಿಕೆಯನ್ನು ತಿಳಿಸುವುದು ಅಗತ್ಯ.

ಹಳೆಯ ಜೀಪಿನ ಬಗ್ಗೆ ಒಂದು ಮಾತು. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡಥ್ರೆಡ್ಡಿನ ಸ್ಟಡ್ಡುಗಳಿರುತ್ತವೆ. ಅವುಗಳ ನಟ್ಟು ಬಲಕ್ಕೆ ತಿರುಗಿಸಿದರೆ ಮಾತ್ರ ಸಡಿಲಾಗುತ್ತದೆ. ಇದನ್ನರಿಯದೆ ತುಕ್ಕು ಹಿಡಿದಿದೆಯೆಂದು ಭಾವಿಸಿ, ಎಡಕ್ಕೆ ಒತ್ತಿ ಒತ್ತಿ ಸ್ಟಡ್ಡನ್ನೇ ಮುರಿಯುವವರಿದ್ದಾರೆ.

ಬಿಚ್ಚಿದ ಬಳಿಕ

ನಟ್ಟುಗಳೆಲ್ಲ ಬಂದರೂ ಚಕ್ರ ಹಬ್ಬಿಗೆ ಅಂಟಿಕೊಂಡಿದ್ದರೆ ನಟ್ಟುಗಳನ್ನು ಎರಡು ಸುತ್ತಿನಷ್ಟು ಮತ್ತೆ ಹಾಕಿ, ಜಾಕ್ ಇಳಿಸಿ, ಸಮತಟ್ಟಿನಲ್ಲಿ ವಾಹನವನ್ನು ಒಂದೆರಡು ಅಡಿ ಹಿಂದೆ ಮುಂದೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ವಾಹನದಡಿಗೆ ನುಗ್ಗಿ ಒದೆಯಬಾರದು. ಸ್ಟಡ್ಡು ಮುರಿದಿದ್ದರೆ ಬದಲಿಸಬಹುದು. ಆದರೆ ನಾಲ್ಕೇ ನಟ್ಟಿನ ಚಕ್ರದಲ್ಲಿ ಒಂದು ಇಲ್ಲದಿರುವಾಗ ಅಡಿಕೆ ಮೂಟೆ ಹೇರಿಕೊಂಡು ಹೊರಡುವುದು ಕೂಡದು.

ಥ್ರೆಡ್ಡುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಒರಸಬೇಕು. ಮಳೆಗೆ ತುಕ್ಕು ಹಿಡಿಯದಿರಲೆಂದು ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸು ಬಳಿಯುವುದು ಸರಿಯಲ್ಲ. ಜಾರುವ ಥ್ರೆಡ್ಡನ್ನು ಎಂದಿನ ಬಲದಿಂದಲೇ ಬಿಗಿದರೂ ಸ್ಟಡ್ಡು ಅತಿಯಾಗಿ ಎಳೆಯಲ್ಪಡುತ್ತದೆ. ಗ್ರೀಸು ಬೇಕಾದದ್ದು ಚಕ್ರದ ನಡುವಿನ ರಂಧ್ರ ಹಬ್ಬಿಗೆ ಕೂರುವ ಅಂಚಿಗೆ, ಅದೂ ತೆಳ್ಳಗೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಬೆಳ್ತಂಗಡಿಯಿಂದ ಮಂಗಳೂರಿಗೆ ಹೋದವರು ಅಷ್ಟರಲ್ಲಿ ಸುಮಾರು 60 ಕಿ.ಮೀ. ಓಡಿಸಿರುತ್ತಾರೆ, ಅಲ್ಲಿ ನಿಲ್ಲಿಸಿದಾಗ ನೋಡಿದರಾಯಿತು.

ಬಡಿದು ತೆಗೆದ ಬೀಗದ ನಟ್ಟನ್ನು ಮರಳಿ ಹಾಕಬಾರದು. ಹೊಸ ಬೀಗದ ನಟ್ಟು ಬೇಕೆನ್ನುವವರು ಸಂಕೇತ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಟಯರು ಅಂಗಡಿಯಲ್ಲಿ ಕೀಲಿಕೈಗೆ ಗಾಳಿಯ ಗನ್ನು ಹಾಕಲು ಬಿಡದೆ ಕೈಯಿಂದಲೇ ತಿರುಗಿಸುವಂತೆ ಹೇಳಬೇಕು. ಹೊಲ, ತೋಟದ ಕೆಲಸಕ್ಕಷ್ಟೇ ಇರುವ ವಾಹನಕ್ಕೆ ಸಾಮಾನ್ಯ ನಟ್ಟೇ ಸಾಕು. ಬಳಸಿದ ವಾಹನವನ್ನು ಕೊಳ್ಳುವವರು ಚಕ್ರಗಳಲ್ಲಿ ಗುಂಡುತಲೆಯ ನಟ್ಟು ಇದೆಯೇ ಎಂದು ನೋಡಿ, ಇದ್ದಲ್ಲಿ ಕೀಲಿಕೈಯನ್ನು ಕೇಳಿ ಪಡೆದು, ನಾಲ್ಕೂ ಚಕ್ರಗಳಿಗೆ ಕೂಡಿಸಿ ನೋಡಿದ ಮೇಲೆಯೇ ಮುಂಗಡ ಹಣ ಕೊಡುವುದು ಒಳಿತು.