ಬಾಗಿಲು ತೆರೆಯುವ ಮೊದಲೇ

ಕಷ್ಟ ತೀರಲಿ, ಆಮೇಲೆ ನೆಮ್ಮದಿಯಾಗಿ ಪ್ರಾರ್ಥಿಸುತ್ತೇನೆ ಎಂದು ಕಾಯುತ್ತಿದ್ದೀರಾ? ದಯವಿಟ್ಟು ಕಾಯಬೇಡಿ. ಇಂದೇ ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ.

ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಕ್ರಿಸ್ತನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರಿಗೆ ಬಹಳ ಏಟು ಬಿದ್ದಿದೆ. ಸೆರೆಮನೆಯ ಒಳಕೋಣೆ, ಕಾಲಿಗೆ ಕೋಳ, ಗಾಯ ತೊಳೆಯುವವರಿಲ್ಲ. ಅಂಥ ಮಧ್ಯರಾತ್ರಿಯಲ್ಲಿ ಅವರು ಪ್ರಾರ್ಥಿಸುತ್ತ ಹಾಡುತ್ತಾರೆ. ಉಳಿದ ಕೈದಿಗಳು ಕಿವಿಗೊಡುತ್ತಾರೆ. ಭೂಕಂಪವಾಗಿ ಬಾಗಿಲು ತೆರೆದದ್ದು ಆಮೇಲೆ. ಎಲ್ಲರೂ ಆ ಭೂಕಂಪವನ್ನೇ ನೆನಪಿಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಂತರದ್ದು: ಬಾಗಿಲು ತೆರೆದರೂ ಅವರು ಓಡಲಿಲ್ಲ. ಕೈದಿಗಳೆಲ್ಲ ತಪ್ಪಿಸಿಕೊಂಡರೆಂದು ಕತ್ತಿ ಹಿರಿದು ಸಾಯಲು ಹೊರಟ ಸೆರೆಯ ಅಧಿಕಾರಿಯನ್ನು ಪೌಲ ಕೂಗಿ ತಡೆದ. ತನ್ನನ್ನು ಕಟ್ಟಿಹಾಕಿದವನ ಜೀವವೇ ದೊಡ್ಡದೆನಿಸುವಷ್ಟು ಅವನ ಮನಸ್ಸು ಭಯದಿಂದಲೂ ದ್ವೇಷದಿಂದಲೂ ಬಿಡುಗಡೆ ಪಡೆದಿತ್ತು. ಅದೇ ರಾತ್ರಿ ಆ ಅಧಿಕಾರಿ ಇವರ ಗಾಯ ತೊಳೆದು, ಮನೆಮಂದಿಯೊಡನೆ ದೀಕ್ಷಾಸ್ನಾನ ಪಡೆದು, ಸಂತೋಷದಿಂದ ಊಟಕ್ಕೆ ಬಡಿಸಿದ.

ನೋವಿಲ್ಲವೆಂದು ನಟಿಸಿ ಎನ್ನುತ್ತಿಲ್ಲ. ಬೆಳಗಾದಾಗ ಪೌಲನೂ, ರೋಮನ್ ಪೌರರಾದ ತಮಗಾದ ಅನ್ಯಾಯವನ್ನು ನೇರವಾಗಿಯೇ ಹೇಳಿದ. ಸಾಲವೋ ಕಾಯಿಲೆಯೋ ಮುರಿದ ಸಂಬಂಧವೋ, ಇದ್ದದ್ದನ್ನು ಇದ್ದ ಹಾಗೆ ಕ್ರಿಸ್ತನಿಗೆ ಹೇಳಿ. ಬಳಿಕ ಬಾಯಿಗೆ ಬಂದ ಒಂದು ಕೀರ್ತನೆ ಹಾಡಿ. ಮುಂದೆ ಮತ್ತೊಂದು ಸೆರೆಯಿಂದ ಪೌಲ ಇದೇ ಫಿಲಿಪ್ಪಿಯ ಸಭೆಗೆ ಬರೆದ, ಆನಂದ ತುಂಬಿದ ಪತ್ರಕ್ಕೆ ನಾಲ್ಕೇ ಅಧ್ಯಾಯ. ಅದನ್ನು ನಾಳೆ ಓದಿ, ಸಾಧ್ಯವಾದರೆ ಮನೆಯವರನ್ನೂ ಕೂರಿಸಿಕೊಂಡು.