ಯುಪಿಐಗೆ ಖಾತೆ ಜೋಡಿಸುವ ಮುನ್ನ: ನಿಮ್ಮ ಎಚ್ಚರ, ನಿಮ್ಮ ಹಕ್ಕು

ಸಂತೆಬೀದಿಯ ಮೂಲೆಯಲ್ಲಿ ಸೇವಂತಿಗೆ, ಕಾಕಡ ಮಾರುವ ಹೆಣ್ಣುಮಗಳೊಬ್ಬರು ಒಂದು ಸಂಜೆ ಪಾಸ್‌ಬುಕ್ಕು, ಮೊಬೈಲು ಎರಡನ್ನೂ ಹಿಡಿದು ನನ್ನ ಕಚೇರಿಗೆ ಬಂದರು. "ಸ್ಕ್ಯಾನರ್ ಹಾಕಿಸ್ಕೊಂಡಿದೀನಿ ಸಾರ್, ದುಡ್ಡು ನನ್ನ ಖಾತೆಗೇ ಬೀಳ್ತಾ ಇದೆಯಾ ನೋಡಿ" ಎಂದರು. ಹಣ ಅವರ ಖಾತೆಗೇ ಬರುತ್ತಿತ್ತು. ಆದರೆ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ದಪ್ಪಗೆ ನಾಲ್ಕು ಅಂಕಿ ಬರೆದಿತ್ತು. "ಇದೇನಮ್ಮ?" ಎಂದೆ. "ಪಿನ್ನು ಸಾರ್. ಮೊಬೈಲ್ ಅಂಗಡಿ ಹುಡುಗ ಅವನೇ ಹಾಕ್ಕೊಟ್ಟ. ಮರ್ತೋಗ್ತೀಯಾ ಅಕ್ಕ ಅಂತ ಬರೆದೂ ಕೊಟ್ಟ."

ಆ ಹುಡುಗ ಒಳ್ಳೆಯವನೇ ಇರಬಹುದು. ಆದರೂ ನಾಳೆ ಆ ಖಾತೆಯಿಂದ ಹಣ ಹೋದರೆ ಬ್ಯಾಂಕು ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಪಿನ್ ಬೇರೆ ಯಾರಿಗಾದರೂ ಗೊತ್ತಿತ್ತೇ?" ಕಳೆದುಕೊಂಡ ಹಣ ಬ್ಯಾಂಕಿನ ಲೆಕ್ಕಕ್ಕೋ ನಮ್ಮ ಲೆಕ್ಕಕ್ಕೋ ಎಂಬುದು ಬಹುಪಾಲು ಈ ಉತ್ತರದ ಮೇಲೆ ನಿಂತಿರುತ್ತದೆ. ಆದ್ದರಿಂದ ಹಣ ಹೋದ ದಿನ ನಮ್ಮ ಹಕ್ಕು ಗಟ್ಟಿಯಾಗಿರಬೇಕಾದರೆ, ಖಾತೆ ಜೋಡಿಸುವ ದಿನವೇ ಎಚ್ಚರ ವಹಿಸಬೇಕು.

ಜೋಡಿಸುವಾಗ ಒಳಗೆ ನಡೆಯುವುದೇನು?

ಯುಪಿಐ ವ್ಯವಸ್ಥೆಯನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಆರಂಭಿಸಿತು. ನಾವು ಬಳಸುವ ಆ್ಯಪ್ ಯಾವುದೇ ಇರಲಿ, ಖಾತೆ ಜೋಡಣೆ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ಸಿಮ್. ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿರಬೇಕು. ಆ್ಯಪ್ ನಿಮ್ಮ ಫೋನಿನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸಿ, ಈ ಸಿಮ್ ಈ ಫೋನಿನಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳುತ್ತದೆ. ಎರಡನೆಯದು ಗುರುತು. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಒಟಿಪಿ ಕೊಡಬೇಕು. ಕಾರ್ಡ್ ಇಲ್ಲದವರಿಗೆ ಆಧಾರ್ ಒಟಿಪಿಯ ದಾರಿಯೂ ಇದೆ. ಮೂರನೆಯದು ನೀವೇ ಇಟ್ಟುಕೊಳ್ಳುವ ನಾಲ್ಕು ಅಥವಾ ಆರು ಅಂಕಿಯ ಯುಪಿಐ ಪಿನ್.

ಈ ಮೂರೂ ಒಬ್ಬನ ಕೈಗೆ ಸಿಕ್ಕರೆ ಖಾತೆ ಅವನ ಕೈಗೆ ಸಿಕ್ಕಂತೆ. ವಂಚಕರು ಹೂಡುವ ಆಟಗಳೆಲ್ಲ ಈ ಮೂರರಲ್ಲಿ ಒಂದನ್ನು ಕಸಿಯಲು. "ಈ ಮೆಸೇಜನ್ನು ಈ ನಂಬರಿಗೆ ಫಾರ್ವರ್ಡ್ ಮಾಡಿ, ನಿಮ್ಮ ಕೆವೈಸಿ ಸರಿಹೋಗುತ್ತದೆ" ಎಂದು ಯಾರಾದರೂ ಅರ್ಥವಾಗದ ಅಕ್ಷರಗಳ ಸಂದೇಶ ಕಳಿಸಿದರೆ, ಅದು ನಿಮ್ಮ ಸಂಖ್ಯೆಯನ್ನು ಅವರ ಫೋನಿಗೆ ಕಟ್ಟುವ ಸಂದೇಶವೇ ಆಗಿರಬಹುದು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲುಗಳು ನಿಮ್ಮ ಒಟಿಪಿಗಳನ್ನು ಗುಟ್ಟಾಗಿ ಓದಬಲ್ಲವು. ಕಾರಣವಿಲ್ಲದೆ ಗಂಟೆಗಟ್ಟಲೆ ಸಿಗ್ನಲ್ ಹೋದರೆ, ನಿಮ್ಮ ಹೆಸರಿನಲ್ಲಿ ಬೇರೊಬ್ಬರು ನಕಲಿ ಸಿಮ್ ಪಡೆದಿರುವ ಸಾಧ್ಯತೆಯಿದೆ; ಕೂಡಲೇ ಸಿಮ್ ಕಂಪನಿಯನ್ನು ವಿಚಾರಿಸಿ.

ಜೋಡಿಸುವಾಗ ಪಾಲಿಸಬೇಕಾದ್ದು

- ಉಳಿತಾಯವೆಲ್ಲ ಇರುವ ಖಾತೆಯನ್ನೇ ಜೋಡಿಸಬೇಕೆಂಬ ನಿಯಮವಿಲ್ಲ. ದಿನದ ವ್ಯವಹಾರಕ್ಕೆ ಬೇರೊಂದು ಖಾತೆ ತೆರೆದು, ಅದರಲ್ಲಿ ಬೇಕಾದಷ್ಟೇ ಹಣವಿಟ್ಟು ಅದನ್ನೇ ಜೋಡಿಸಿ.
- ಆ್ಯಪನ್ನು ಫೋನಿನ ಅಧಿಕೃತ ಆ್ಯಪ್ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ಯಾರೋ ಕಳಿಸಿದ ಲಿಂಕಿನಿಂದ ಬೇಡ.
- ಹಳೆಯ ಸಂಖ್ಯೆ ಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಹೊಸ ಸಂಖ್ಯೆ ಬರೆಸಿ. ಬಿಟ್ಟ ಸಂಖ್ಯೆ ಮುಂದೆ ಬೇರೊಬ್ಬರ ಪಾಲಾಗುತ್ತದೆ, ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.
- ಬೇರೆಯವರ ನೆರವು ಪಡೆದರೂ ಪಿನ್ ಒತ್ತುವಾಗ ಫೋನು ನಿಮ್ಮ ಕೈಯಲ್ಲೇ ಇರಲಿ. ಹುಟ್ಟಿದ ವರ್ಷ, ಗಾಡಿಯ ನಂಬರು ಬೇಡ.
- ಹಣ ಪಡೆಯಲು ಪಿನ್ ಬೇಕಿಲ್ಲ. "ನಿಮಗೆ ದುಡ್ಡು ಹಾಕ್ತೀವಿ, ಪಿನ್ ಒತ್ತಿ" ಎಂದರೆ ಹೋಗುವುದು ನಿಮ್ಮ ದುಡ್ಡೇ.
- ಹೊಸದಾಗಿ ಜೋಡಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿ ಇರುತ್ತದೆ. ಇದು ನಿಮ್ಮ ರಕ್ಷಣೆಗೇ ಇಟ್ಟದ್ದು.
- ಎಸ್ಸೆಮ್ಮೆಸ್ ಸೂಚನೆ ನಿಲ್ಲಿಸಬೇಡಿ. ಆಟೋಪೇ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ಬೇಡದ್ದನ್ನು ಆ್ಯಪ್‌ನಲ್ಲೇ ರದ್ದುಮಾಡಿ.

ಮನೆಯಲ್ಲಿ ವಯಸ್ಸಾದವರಿದ್ದು, ಅವರ ಪರವಾಗಿ ಮಕ್ಕಳು ಪಿನ್ ಇಟ್ಟುಕೊಳ್ಳುವ ರೂಢಿ ಎಲ್ಲೆಡೆ ಇದೆ. ಅದರ ಬದಲು ಯುಪಿಐ ಸರ್ಕಲ್ ಸೌಲಭ್ಯ ಬಳಸಬಹುದು. ಖಾತೆದಾರರು ತಮ್ಮ ಪಿನ್ ಕೊಡದೆಯೇ, ಮಿತಿ ಹಾಕಿ, ನಂಬುಗೆಯವರಿಗೆ ಪಾವತಿಯ ಅಧಿಕಾರ ಕೊಡಲು ಅದರಲ್ಲಿ ಅವಕಾಶವಿದೆ.

ಒಪ್ಪಿಗೆಯಿಲ್ಲದೆ ಹಣ ಹೋದರೆ ನಷ್ಟ ಯಾರಿಗೆ?

ಬಹಳಷ್ಟು ಜನರಿಗೆ ತಿಳಿಯದ, ಆದರೆ ತಿಳಿಯಲೇಬೇಕಾದ ಭಾಗ ಇದು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರ ಹೊಣೆಗೆ ಮಿತಿ ಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇದೇ ಬಗೆಯ ನಿಯಮ ಬಂತು.

ತಪ್ಪು, ನಿರ್ಲಕ್ಷ್ಯ ಅಥವಾ ವಂಚನೆ ಬ್ಯಾಂಕಿನ ಕಡೆಯದಾಗಿದ್ದರೆ ಗ್ರಾಹಕರು ಒಂದು ಪೈಸೆಯನ್ನೂ ಕಳೆದುಕೊಳ್ಳಬೇಕಿಲ್ಲ. ದೂರು ಕೊಡದಿದ್ದರೂ ಈ ಮಾತು ಅನ್ವಯಿಸುತ್ತದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯ ನಡುವೆ ಎಲ್ಲೋ ಆಗಿದೆ ಎಂದಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಜನಧನದಂಥ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ಗ್ರಾಹಕರ ಪಾಲು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ ತೀರ್ಮಾನವಾಗುತ್ತದೆ.

ದಿನ ಎಣಿಸುವ ಕ್ರಮ ಹೀಗಿದೆ. ಶುಕ್ರವಾರ ಸಂಜೆ ಹಣ ಹೋದ ಸೂಚನೆ ಬಂತು, ಮರುದಿನ ಎರಡನೇ ಶನಿವಾರ ಎಂದುಕೊಳ್ಳಿ. ಸೂಚನೆ ಬಂದ ದಿನ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ರಜೆ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಜನಧನ ಖಾತೆಯಿಂದ 40,000 ರೂಪಾಯಿ ಹೋಗಿದ್ದು, ಗುರುವಾರ ತಿಳಿಸಿದರೂ ನಿಮ್ಮ ನಷ್ಟ 5,000 ಮೀರದು. ಉಳಿದ 35,000 ಬ್ಯಾಂಕು ಕೊಡಬೇಕು.

ಪಿನ್, ಒಟಿಪಿಯನ್ನು ನೀವೇ ಹೇಳಿಕೊಟ್ಟಿದ್ದರೆ ನಿಯಮ ಕಠಿಣ: ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. ಆದರೆ ತಿಳಿಸಿದ ಗಳಿಗೆಯಿಂದ ಆಚೆಗೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ "ನಂದೇ ತಪ್ಪು" ಎಂದು ನಾಚಿ ಸುಮ್ಮನೆ ಕೂರಬೇಡಿ. ಮೋಸಹೋದವರು ಅಪರಾಧಿಗಳಲ್ಲ.

ಇನ್ನೂ ಎರಡು ಮಾತು ನೆನಪಿಡಿ. ಗ್ರಾಹಕರೇ ಹೊಣೆ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ತೋರಿಸಿ, 90 ದಿನಗಳೊಳಗೆ ದೂರನ್ನು ತೀರ್ಮಾನಿಸಬೇಕು.

ಮೋಸವಿಲ್ಲದೆ ಬರೀ ತಾಂತ್ರಿಕ ದೋಷದಿಂದ ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ಅದಕ್ಕೆ 2019ರ ಸೆಪ್ಟೆಂಬರಿನ ಸುತ್ತೋಲೆಯಿದೆ. ವ್ಯಕ್ತಿಗೆ ಕಳಿಸಿದ ಹಣ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ದೂರು ಎಲ್ಲಿ, ಯಾವ ಕ್ರಮದಲ್ಲಿ?

1. ಮೊದಲು 1930. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತ ಹೋಗುವಾಗಲೇ ತಡೆಹಿಡಿಯುವ ವ್ಯವಸ್ಥೆ ಈ ಸಹಾಯವಾಣಿಯ ಹಿಂದಿದೆ. ಮೊದಲ ಗಂಟೆಯ ಬೆಲೆ ದೊಡ್ಡದು. ಬ್ಯಾಂಕಿನ ಹೆಸರು, ಮೊತ್ತ, ಸಮಯ, ವಹಿವಾಟಿನ ಉಲ್ಲೇಖ ಸಂಖ್ಯೆ, ವಂಚಕನ ಫೋನ್ ನಂಬರು ಕೈಯಲ್ಲಿರಲಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಸಲ್ಲಿಸಬಹುದು.

2. ಜೊತೆಜೊತೆಗೇ ಬ್ಯಾಂಕು. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೇ ಕರೆಮಾಡಿ, ಯುಪಿಐ ನಿಲ್ಲಿಸಲು ಹೇಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ "ಕಸ್ಟಮರ್ ಕೇರ್" ಸಂಖ್ಯೆಯನ್ನು ನಂಬಬೇಡಿ. ಮರುದಿನ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

3. ಪೊಲೀಸ್ ಠಾಣೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಠಾಣೆ ದೂರು ದಾಖಲಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಬೇರೆಯವರ ಪಾಸ್‌ವರ್ಡ್ ಕದ್ದು ಬಳಸುವುದು, ಸೋಗು ಹಾಕಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳಡಿ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ.

4. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಬ್ಯಾಂಕು 30 ದಿನ ಕಳೆದರೂ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ತಡಮಾಡದೆ ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತಾಣದಲ್ಲಿ ದೂರು ಸಲ್ಲಿಸಿ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ.

5. ಗ್ರಾಹಕ ಆಯೋಗ. ಬ್ಯಾಂಕಿನ ಸೇವೆಯಲ್ಲಿ ಲೋಪವಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು.

ಇಷ್ಟೆಲ್ಲ ಅಲೆಯಲು ಶಕ್ತಿಯಿಲ್ಲ ಎನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ಉಚಿತ ನೆರವು ಹಕ್ಕಾಗಿಯೇ ಸಿಗುತ್ತದೆ. ಸಹಾಯವಾಣಿ 15100.

ಆ ಸಂಜೆ ಹೂವಿನ ಹೆಣ್ಣುಮಗಳಿಗೆ ಪಿನ್ ಬದಲಿಸುವ ಜಾಗವನ್ನು ಆ್ಯಪ್‌ನಲ್ಲಿ ತೋರಿಸಿದೆ. ಹಳೆಯ ಪಿನ್ ಒತ್ತಿದರು. ಹೊಸದನ್ನು ಒತ್ತುವ ಮುನ್ನ ಒಂದು ಕ್ಷಣ ನನ್ನ ಮುಖ ನೋಡಿ, ಕುರ್ಚಿಯನ್ನು ಅತ್ತ ತಿರುಗಿಸಿ, ಸೆರಗು ಮರೆಮಾಡಿಕೊಂಡು ಒತ್ತಿದರು. ಆಮೇಲೆ ನನ್ನ ಪೆನ್ನನ್ನೇ ಕೇಳಿ ಪಡೆದು, ಪಾಸ್‌ಬುಕ್ಕಿನ ಮೇಲಿದ್ದ ನಾಲ್ಕು ಅಂಕಿಗಳನ್ನು ಕಾಣದಂತೆ ಗೀಚಿ ಹಾಕಿದರು. ಆ ಜಾಗದ ಕೆಳಗೆ ಈಗ ಬೇರೆ ನಾಲ್ಕು ಅಂಕಿಗಳಿವೆ, ಅವರೇ ಬರೆದುಕೊಂಡದ್ದು: 1930.