ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಖರೀದಿ: ಆರು ಸೂತ್ರಗಳು

ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಸೀಮೆಗೆ ವಿಜ್ಞಾನ ಸಂಸ್ಥೆಗಳು ಬಂದ ಮೇಲೆ ಹೊರಗಿನವರ ಓಡಾಟ ಹೆಚ್ಚಿದೆ. ಬಂದವರು ಊರಿಗೆ ಒಯ್ಯಲು ಸೀರೆ, ಕಂಬಳಿ, ಶೇಂಗಾ ಎಣ್ಣೆ ಹುಡುಕುತ್ತಾರೆ. ಕೊಟ್ಟ ದುಡ್ಡಿಗೆ ಅಸಲಿ ಮಾಲು ಸಿಗಬೇಕು, ಆ ದುಡ್ಡು ದುಡಿದವರ ಕೈಗೂ ಸೇರಬೇಕು.

1. ಸೀರೆಗೆ ಎರಡು ಗುರುತು ಕೇಳಿ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆಯಿದೆ. ಹಾಗೆಂದು ಆ ಹೆಸರಿನಲ್ಲಿ ಮಾರುವುದೆಲ್ಲ ಕೈಮಗ್ಗದ್ದಲ್ಲ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಶುದ್ಧವೆಂದಷ್ಟೇ ಹೇಳುತ್ತದೆ. ಕೈಯಲ್ಲಿ ನೇಯ್ದದ್ದೆಂದು ಹೇಳುವುದು ಹ್ಯಾಂಡ್‌ಲೂಮ್ ಮಾರ್ಕ್. ಅನುಮಾನವಿದ್ದರೆ ಸೆರಗಿನ ತುದಿಯ ಎರಡು ಎಳೆ ಸುಟ್ಟು ತೋರಿಸಲು ಹೇಳಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

2. ಜರಿ ಯಾವುದೆಂದು ಬಿಲ್ಲಿನಲ್ಲಿ ಬರೆಸಿ. ಅಸಲಿ ಜರಿಯಲ್ಲಿ ಬೆಳ್ಳಿಯಿರುತ್ತದೆ, ಟೆಸ್ಟೆಡ್ ಜರಿಯಲ್ಲಿ ತಾಮ್ರ. ಬೆಲೆ ಹೆಚ್ಚುಕಡಿಮೆಯಾಗುವುದು ಬಹುಪಾಲು ಇಲ್ಲಿಯೇ.

3. ಕಂಬಳಿಯನ್ನು ಮೆತ್ತಗಿದೆಯೆಂದು ಕೊಳ್ಳಬೇಡಿ. ನಾಟಿ ಕುರಿಯ ಉಣ್ಣೆ ಒರಟು. ನೇಯುವ ಮುನ್ನ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದರಿಂದ ಹೊಸ ಕಂಬಳಿ ಬಿರುಸಾಗಿಯೇ ಇರುತ್ತದೆ, ಹೊದ್ದಂತೆಲ್ಲ ಮೆತ್ತಗಾಗುತ್ತದೆ. ನುಣುಪಾಗಿ, ಹಗುರಾಗಿ, ತೀರಾ ಅಗ್ಗಕ್ಕೆ ಸಿಕ್ಕರೆ ಅದು ಮಿಲ್ಲಿನ ಹೊದಿಕೆಯೇ ಇರಬಹುದು. ಕಾವಲಿಗೆ ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವ ಜಾಗ ಕಿರಿದಾಗಿದೆ. ನೇಕಾರ ಹೇಳುವ ಬೆಲೆಯಲ್ಲಿ ಆ ಕಷ್ಟವೂ ಸೇರಿದೆ.

4. ಎಣ್ಣೆಯಲ್ಲಿ ಲೀಟರು ಬೇರೆ, ಕಿಲೋ ಬೇರೆ. ಒಂದು ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. 15 ಲೀಟರಿನ ಡಬ್ಬದಲ್ಲಿ 14 ಕಿಲೋ ಕೂಡ ಇರುವುದಿಲ್ಲ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ದರ ಹೋಲಿಸುವಾಗ ಎರಡನ್ನೂ ಒಂದೇ ಅಳತೆಗೆ ತನ್ನಿ. ಗಾಣದ ಎಣ್ಣೆ ಎಂದರೆ ಗಾಣ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ.

5. ನಗದು ಜೊತೆಗಿರಲಿ. ಮೊಬೈಲಿನಲ್ಲಿ ಹಣ ಕಳಿಸುವುದು ಎಲ್ಲೆಡೆ ಬಂದಿದ್ದರೂ ಹಟ್ಟಿಗಳಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ. ನೂರರ, ಐವತ್ತರ ನೋಟು ಇಟ್ಟುಕೊಳ್ಳಿ. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

6. ಚೌಕಾಸಿ ಎಲ್ಲಿ ಮಾಡಬೇಕೆಂಬುದು ಗೊತ್ತಿರಲಿ. ದೊಡ್ಡ ಅಂಗಡಿಯಲ್ಲಿ ಧಾರಾಳವಾಗಿ ಮಾಡಿ, ನಾಲ್ಕು ಕಡೆ ವಿಚಾರಿಸಿ. ಮೊಳಕಾಲ್ಮೂರಿನಲ್ಲಿ ಎಷ್ಟೋ ನೇಕಾರರು ಮಾಲೀಕರಿಂದ ನೂಲು ಪಡೆದು ಮಜೂರಿಗೆ ನೇಯುವವರು; ಅಂಗಡಿಯ ಬೆಲೆಯಲ್ಲಿ ಅವರ ಪಾಲು ಸಣ್ಣದು. ಹಾಗಾಗಿ ಸ್ವಂತ ಮಗ್ಗದವರು ಇಲ್ಲವೇ ನೇಕಾರರ ಸಹಕಾರ ಸಂಘ ಸಿಕ್ಕರೆ ಅಲ್ಲಿಯೇ ಕೊಳ್ಳಿ. ಕಂಬಳಿ ನೇಯುವವರ ಮನೆ ಬಾಗಿಲಲ್ಲಿ ನಿಂತಾಗ ಮಾತ್ರ, ದಯವಿಟ್ಟು, ಕೇಳಿದಷ್ಟು ಕೊಟ್ಟುಬಿಡಿ.